‘ಜೈವಿಕ’ ಎಂದ ಮಾತ್ರಕ್ಕೆ ನಿರುಪದ್ರವಿಯೇ?

ರಾಸಾಯನಿಕ ವಿಷಗಳ ವಿರುದ್ಧ ಪಶ್ಚಿಮಘಟ್ಟದ ಹಳ್ಳಿಗಳು ನಡೆಸಿದ ಹೋರಾಟ ದೀರ್ಘವಾದುದು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಊರುಗಳಲ್ಲಿ ಉಳಿಸಿಹೋದ ದುಃಖವನ್ನು ಈ ಭಾಗದ ಜನರಿಗೆ ಯಾರೂ ನೆನಪಿಸಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಹಿಡಿಯಿತು. ಅಲ್ಲಿಂದೀಚೆಗೆ ‘ಜೈವಿಕ ಕೀಟನಾಶಕ’ ಎಂಬ ಹೆಸರಿನ ಪೊಟ್ಟಣಗಳು ಗೊಬ್ಬರದಂಗಡಿಗಳಲ್ಲಿ ಹೆಚ್ಚುಹೆಚ್ಚಾಗಿ ಕಾಣಿಸಿಕೊಂಡಿವೆ. ಸಹಾಯಧನದ ಯೋಜನೆಗಳ ಮೂಲಕ ರೈತರ ಮನೆಬಾಗಿಲಿಗೂ ಬಂದಿವೆ. ಅವುಗಳಲ್ಲಿ ಮುಖ್ಯವಾದವು ಕೀಟಗಳಿಗೆ ರೋಗ ತರುವ ಶಿಲೀಂಧ್ರಗಳು: ಬ್ಯೂವೇರಿಯಾ, ಮೆಟಾರೈಜಿಯಂ, ಮತ್ತು ವರ್ಟಿಸಿಲಿಯಂ ಎಂಬ ಹಳೆಯ ಹೆಸರಿನಿಂದಲೇ ರೈತರಿಗೆ ಪರಿಚಿತವಾದ ಲೆಕಾನಿಸಿಲಿಯಂ.

ಈ ಬದಲಾವಣೆ ಸ್ವಾಗತಾರ್ಹ. ಮನುಷ್ಯನಿಗೂ ದನಕರುಗಳಿಗೂ ಹಳ್ಳದ ಮೀನಿಗೂ ಹಳೆಯ ವಿಷಗಳಿಂದ ಆಗುತ್ತಿದ್ದ ಅಪಾಯಕ್ಕೆ ಹೋಲಿಸಿದರೆ ಈ ಬೂಷ್ಟುಗಳ ಅಪಾಯ ಅತ್ಯಲ್ಪ. ಆದರೆ ‘ಜೈವಿಕ’ ಎಂಬ ಪದ ಕಿವಿಗೆ ಬಿದ್ದೊಡನೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುವ ಒಂದು ಅಭ್ಯಾಸವೂ ಇದರ ಜೊತೆಗೇ ಬೆಳೆದಿದೆ. ತೋಟದಲ್ಲಿ ಕೂಲಿ ಕೇಳದೆ ದುಡಿಯುತ್ತಿರುವ ಗುಲಗಂಜಿ ಹುಳುವಿನ ಮೇಲೆ ಈ ಬೂಷ್ಟಿನ ನೀರು ಬಿದ್ದರೆ ಏನಾಗುತ್ತದೆ? ರೈತನ ಈ ಇಬ್ಬರು ಮಿತ್ರರು ಪರಸ್ಪರರಿಗೂ ಮಿತ್ರರೇ? ಈ ಪ್ರಶ್ನೆಯನ್ನು ಕೇಳಬೇಕಾದ ಮೊದಲ ಜಾಗ ಮಲೆನಾಡು. ಏಕೆಂದರೆ ಬೂಷ್ಟಿಗೆ ಬೇಕಾದ ತೇವ, ಮಂಜು, ನೆರಳು ಇಲ್ಲಿರುವಷ್ಟು ಬಯಲುಸೀಮೆಯಲ್ಲಿಲ್ಲ.

ಗುಲಗಂಜಿ ಹುಳುವಿನ ಉಪಕಾರ

ಗುಲಗಂಜಿ ಹುಳುವನ್ನು ಬೆಳೆ ರಕ್ಷಣೆಗೆ ಬಳಸಿದ ಚರಿತ್ರೆ ನೂರು ವರ್ಷಕ್ಕೂ ಹಳೆಯದು. 1888–89ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಇಸೇರಿಯಾ ಎಂಬ ಬಿಳಿಯ ಶಲ್ಕಕೀಟದಿಂದ ನಾಶದ ಅಂಚಿಗೆ ಬಂದಿದ್ದಾಗ, ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಆಸ್ಟ್ರೇಲಿಯಾದಿಂದ ರೊಡೋಲಿಯಾ ಎಂಬ ಗುಲಗಂಜಿ ಹುಳುವನ್ನು ಕಳುಹಿಸಿದನು. ಒಂದೆರಡು ವರ್ಷಗಳಲ್ಲಿ ತೋಟಗಳು ಚೇತರಿಸಿಕೊಂಡವು. ಜೈವಿಕ ನಿಯಂತ್ರಣವೆಂಬ ವಿಜ್ಞಾನಕ್ಕೆ ಅದೇ ಬುನಾದಿಯಾಯಿತು. ಈ ಕಥೆಗೆ ಎರಡನೆಯ ಅಧ್ಯಾಯವೂ ಇದೆ. 1940ರ ದಶಕದ ಉತ್ತರಾರ್ಧದಲ್ಲಿ ಅದೇ ತೋಟಗಳಿಗೆ ಡಿಡಿಟಿ ಬಂದಿತು, ರೊಡೋಲಿಯಾ ಸತ್ತಿತು, ಮರೆತೇಹೋಗಿದ್ದ ಶಲ್ಕಕೀಟ ಮತ್ತೆ ಮರಗಳನ್ನು ಮುತ್ತಿತು. ಮಿತ್ರಕೀಟದ ಬೆಲೆ ಅದು ಇಲ್ಲವಾದಾಗಲೇ ತಿಳಿಯುವುದು.

ದಕ್ಷಿಣ ಭಾರತದ ಕಾಫಿ ಸೀಮೆಗೂ ಈ ಚರಿತ್ರೆಯಲ್ಲಿ ಸ್ಥಾನವಿದೆ. ಕಾಫಿಯ ಹಸಿರು ತಿಗಣೆಯನ್ನು ಹತೋಟಿಗೆ ತರುವ ಉದ್ದೇಶದಿಂದ 1898ರಲ್ಲಿಯೇ ಆಸ್ಟ್ರೇಲಿಯಾದಿಂದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಭಾರತಕ್ಕೆ ತರಲಾಯಿತು. ಅದನ್ನು ಕರೆತಂದದ್ದು ಹಸಿರು ತಿಗಣೆಗಾಗಿ; ಅದು ಉಪಕಾರಿಯಾದದ್ದು ಹಿಟ್ಟು ತಿಗಣೆಯ ಮೇಲೆ. ಇಂದು ಕಾಫಿ, ದ್ರಾಕ್ಷಿ, ಸೀಬೆ, ಕಿತ್ತಳೆ ತೋಟಗಳಲ್ಲಿ ಹಿಟ್ಟು ತಿಗಣೆಯ ವಿರುದ್ಧ ಬಿಡುವ ಪ್ರಧಾನ ಮಿತ್ರಕೀಟ ಇದೇ. ಪ್ರಯೋಗಾಲಯಗಳಲ್ಲಿ ಸಿಹಿಗುಂಬಳದ ಕಾಯಿಯ ಮೇಲೆ ಹಿಟ್ಟು ತಿಗಣೆಯನ್ನು ಬೆಳೆಸಿ, ಆ ತಿಗಣೆಯ ಮೇಲೆ ಈ ಹುಳುವನ್ನು ಸಾಕಲಾಗುತ್ತದೆ.

ಪ್ರೌಢ ಹುಳು ಕಪ್ಪು ಮೈಯದು. ತಲೆಯೂ ಹಿಂತುದಿಯೂ ಕಿತ್ತಳೆ ಬಣ್ಣ. ಅದರ ಮರಿಯಂತೂ ಮೈತುಂಬ ಬಿಳಿಯ ಮೇಣದ ಎಳೆಗಳನ್ನು ಹೊತ್ತು, ತಾನು ತಿನ್ನುವ ಹಿಟ್ಟು ತಿಗಣೆಯಂತೆಯೇ ಕಾಣಿಸುತ್ತದೆ. ಎರಡನ್ನೂ ಬೇರ್ಪಡಿಸಿ ಗುರುತಿಸಲು ಬಾರದವರು ಮಿತ್ರನನ್ನೇ ಶತ್ರುವೆಂದು ಹೊಸಕಿ ಹಾಕುವುದುಂಟು. ಗಾತ್ರದಲ್ಲಿ ತಿಗಣೆಗಿಂತ ದೊಡ್ಡದಾಗಿದ್ದು, ಮುಟ್ಟಿದೊಡನೆ ಚುರುಕಾಗಿ ಓಡಿದರೆ ಅದು ಮಿತ್ರ. ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ; ಅಷ್ಟರಲ್ಲಿ ಒಂದೊಂದು ಮರಿಯೂ ತಿಗಣೆಯ ನೂರಾರು ಮೊಟ್ಟೆ ಮರಿಗಳನ್ನು ತಿಂದು ಮುಗಿಸುತ್ತದೆ.

ಬೂಷ್ಟು ಕೊಲ್ಲುವ ಬಗೆ

ರಾಸಾಯನಿಕ ವಿಷ ಕೀಟದ ನರಕ್ಕೋ ಹೊಟ್ಟೆಗೋ ತಗಲಿ ಕೊಲ್ಲುತ್ತದೆ. ಶಿಲೀಂಧ್ರದ ದಾರಿ ಬೇರೆ. ಅದರ ಬೀಜಕಣ ಕೀಟದ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ತೇವ ಸಿಕ್ಕರೆ ಮೊಳೆಯುತ್ತದೆ. ಚರ್ಮವನ್ನು ಕರಗಿಸುವ ರಸಗಳನ್ನು ಸ್ರವಿಸಿ ಒಳಹೊಕ್ಕು ದೇಹದೊಳಗೆಲ್ಲ ಹರಡುತ್ತದೆ. ಕೆಲವು ದಿನಗಳಿಂದ ಒಂದು ವಾರದವರೆಗಿನ ಅವಧಿಯಲ್ಲಿ ಕೀಟ ಸಾಯುತ್ತದೆ. ಗಾಳಿಯಲ್ಲಿ ತೇವವಿದ್ದರೆ ಸತ್ತ ದೇಹದ ಕೀಲುಗಳಿಂದ ಬೂಷ್ಟು ಹೊರಬಂದು ಹೊಸ ಬೀಜಕಣಗಳನ್ನು ಚೆಲ್ಲುತ್ತದೆ.

ಕರ್ನಾಟಕದ ರೈತನಿಗೆ ಇದು ಹೊಸ ವಿಷಯವಲ್ಲ. ರೇಷ್ಮೆಹುಳು ಸತ್ತು ಸುಣ್ಣದ ಕಡ್ಡಿಯಂತೆ ಗಟ್ಟಿಯಾಗುವ ಸುಣ್ಣಕಟ್ಟು ರೋಗಕ್ಕೆ ಕಾರಣ ಇದೇ ಬ್ಯೂವೇರಿಯಾ. ಇಟಲಿಯ ಅಗಸ್ಟಿನೊ ಬಾಸ್ಸಿ 1835ರಲ್ಲಿ ಈ ರೋಗ ಒಂದು ಸೂಕ್ಷ್ಮಜೀವಿಯಿಂದ ಹರಡುತ್ತದೆಂದು ತೋರಿಸಿಕೊಟ್ಟನು. ಶಿಲೀಂಧ್ರದ ಹೆಸರಿನಲ್ಲಿರುವ ‘ಬ್ಯಾಸಿಯಾನ’ ಎಂಬುದು ಅವನ ನೆನಪೇ. ಒಂದು ಕಡೆ ಔಷಧವೆಂದು ಮಾರಾಟವಾಗುವ ಜೀವಿಯೇ ಇನ್ನೊಂದು ಕಡೆ ರೈತನ ಗೂಡನ್ನು ಬರಿದುಮಾಡುವ ರೋಗ. ಹಿಪ್ಪುನೇರಳೆಗೆ ಹಿಟ್ಟು ತಿಗಣೆಯಿಂದ ಟುಕ್ರ ಬಂದಾಗ ರೇಷ್ಮೆ ಬೆಳೆಗಾರರು ಬ್ಯೂವೇರಿಯಾದ ಹತ್ತಿರ ಸುಳಿಯದೆ ಕ್ರಿಪ್ಟೋಲೀಮಸ್, ಸ್ಕಿಮ್ನಸ್ ಎಂಬ ಗುಲಗಂಜಿ ಹುಳುಗಳನ್ನೇ ಆಶ್ರಯಿಸುವುದು ಇದರಿಂದಾಗಿಯೇ. ಬೂಷ್ಟಿಗೂ ಎಲ್ಲೆ ಬೇಕೆಂಬ ವಿವೇಕ ಅವರಿಗೆ ಎಂದೋ ಬಂದಿದೆ. ಕಾಫಿ, ಅಡಿಕೆ, ತರಕಾರಿ ಬೆಳೆಯುವವರಿಗೂ ಅದು ಬರಬೇಕಾಗಿದೆ.

ಸಾಕ್ಷ್ಯ ಏನು ಹೇಳುತ್ತದೆ?

ಬ್ಯೂವೇರಿಯಾ ತಗಲಬಲ್ಲ ಕೀಟಜಾತಿಗಳ ಸಂಖ್ಯೆ ಏಳುನೂರಕ್ಕೂ ಹೆಚ್ಚು. ಅದರಲ್ಲಿ ಗುಲಗಂಜಿ ಹುಳುವಿನ ಕುಟುಂಬವೂ ಸೇರಿದೆ. ಇದಕ್ಕೆ ಹಿತ್ತಿಲಿನಲ್ಲಿಯೇ ಪುರಾವೆಯುಂಟು. ಬದನೆಯ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ ಇಪ್ಪತ್ತೆಂಟು ಚುಕ್ಕೆಯ ಎಪಿಲ್ಯಾಕ್ನ ದುಂಬಿ ಗುಲಗಂಜಿ ಹುಳುವಿನ ಕುಟುಂಬದ್ದೇ. ಆ ಕುಟುಂಬದಲ್ಲಿ ಸೊಪ್ಪು ತಿನ್ನುವ ಕೆಲವೇ ಪೀಡೆಗಳಲ್ಲಿ ಒಂದು. ಅದರ ಮೇಲೆ ಬ್ಯೂವೇರಿಯಾ ಸಿಂಪಡಿಸಿದರೆ ಸಾಯುತ್ತದೆಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ದಾಯಾದಿಯನ್ನು ಕೊಲ್ಲುವ ಬೂಷ್ಟು ಪಕ್ಕದ ಗಿಡದಲ್ಲಿ ಸಸ್ಯಹೇನು ತಿನ್ನುತ್ತಿರುವ ಒಳ್ಳೆಯ ಹುಳುವಿನ ಮೈಮೇಲೆ ಬಿದ್ದು ಸುಮ್ಮನಿರುತ್ತದೆಂದು ನಂಬಲು ಆಧಾರವೇನು?

ಆದರೂ ಎಲ್ಲ ಬೂಷ್ಟೂ ಎಲ್ಲ ಗುಲಗಂಜಿ ಹುಳುವನ್ನೂ ಕೊಲ್ಲುತ್ತದೆಂದು ಹೇಳುವಂತಿಲ್ಲ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹಿಪೊಡೇಮಿಯ ಎಂಬ ಗುಲಗಂಜಿ ಹುಳುವಿನ ಮೇಲೆ ನಾಲ್ಕು ಬಗೆಯ ಶಿಲೀಂಧ್ರಗಳನ್ನು ಪರೀಕ್ಷಿಸಲಾಯಿತು. ಬ್ಯೂವೇರಿಯಾ, ಮೆಟಾರೈಜಿಯಂಗಳಿಂದ ಹುಳುಗಳು ಹೆಚ್ಚು ಸಂಖ್ಯೆಯಲ್ಲಿ ಸತ್ತವು. ಎಲೆ ತಿನ್ನುವ ಕಂಬಳಿಹುಳುಗಳಿಗಷ್ಟೇ ಮೀಸಲಾದಂತಿರುವ ನೊಮುರಿಯಾ ಎಂಬ ಶಿಲೀಂಧ್ರದಿಂದ ಹಾನಿಯಾಗಲಿಲ್ಲ. ಬ್ರಿಟನ್ನಿನ ಸಂಶೋಧಕರು ಒಂದೇ ಬ್ಯೂವೇರಿಯಾ ತಳಿಯನ್ನು ಮೂರು ಜಾತಿಯ ಹುಳುಗಳ ಮೇಲೆ ಪ್ರಯೋಗಿಸಿದಾಗ ಹೊರಗಿನಿಂದ ಬಂದ ಹಾರ್ಮೋನಿಯಾ ತಡೆದುಕೊಂಡಿತು. ಅಲ್ಲಿನ ಸ್ಥಳೀಯ ಜಾತಿಗಳು ಹೆಚ್ಚಾಗಿ ಬಲಿಯಾದವು. ಅಂದರೆ ಉತ್ತರ ಶಿಲೀಂಧ್ರದ ತಳಿ, ಹುಳುವಿನ ಜಾತಿ, ಅದರ ವಯಸ್ಸು, ಬಿದ್ದ ಬೀಜಕಣದ ಪ್ರಮಾಣ, ಗಾಳಿಯ ತೇವ ಇವೆಲ್ಲವನ್ನೂ ಅವಲಂಬಿಸಿದೆ. ಒಂದು ಊರಿನ ಪ್ರಯೋಗಾಲಯದಲ್ಲಿ ‘ಸುರಕ್ಷಿತ’ ಎಂದು ಬಂದ ಫಲಿತಾಂಶವನ್ನು ಆಗುಂಬೆಯ ಮಳೆಗಾಲಕ್ಕೆ ಹಾಗೆಯೇ ಅನ್ವಯಿಸಲಾಗದು.

ಇನ್ನೊಂದು ಪಕ್ಷದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಭಾರತದಲ್ಲಿಯೂ ಇರುವ ಏಳು ಚುಕ್ಕೆಯ ಗುಲಗಂಜಿ ಹುಳು ಬ್ಯೂವೇರಿಯಾ ಇರುವ ಜಾಗವನ್ನು ಗುರುತಿಸಿ ದೂರ ಸರಿಯಬಲ್ಲದೆಂದು ಸಂಶೋಧಕರು ಕಂಡಿದ್ದಾರೆ. ಸಸ್ಯಹೇನುಗಳಿಗೆ ಬರುವ ಪಾಂಡೋರಾ ಎಂಬ ಶಿಲೀಂಧ್ರ ರೋಗ, ಗುಲಗಂಜಿ ಹುಳು ಗಿಡದ ಮೇಲೆ ಓಡಾಡುತ್ತಿದ್ದರೆ ಹೆಚ್ಚು ಬೇಗ ಹರಡುತ್ತದೆಂಬುದೂ ಗೊತ್ತಾಗಿದೆ. ಹುಳುವಿನ ಭಯಕ್ಕೆ ಹೇನುಗಳು ಚದುರುತ್ತವೆ; ಹುಳುವಿನ ಕಾಲಿಗೆ ಬೀಜಕಣ ಅಂಟಿ ಮುಂದೆ ಸಾಗುತ್ತದೆ. ಹೀಗೆ ಇಬ್ಬರು ಮಿತ್ರರು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ನೆರವಾಗುವ ಸಂದರ್ಭಗಳೂ ಇವೆ.

ನಿಸರ್ಗದ ಬೂಷ್ಟು, ಡ್ರಮ್ಮಿನ ಬೂಷ್ಟು

ಕಾಡಿನಲ್ಲಿ ಎರಡೂ ಹೊಂದಿಕೊಂಡಿರುವುದಾದರೆ ತೋಟದಲ್ಲೇಕೆ ತೊಡಕು? ಇದಕ್ಕೆ ಬಹುಶಃ ಅತ್ಯುತ್ತಮ ಉತ್ತರ ದೊರೆತಿರುವುದು ಮೆಕ್ಸಿಕೋದ ಚಿಯಾಪಾಸ್ ಪ್ರಾಂತ್ಯದ ಒಂದು ಸಾವಯವ ಕಾಫಿ ತೋಟದಲ್ಲಿ. ಸುಮಾರು 300 ಹೆಕ್ಟೇರಿನ ಆ ತೋಟವೂ ಮಲೆನಾಡಿನ ತೋಟಗಳಂತೆ ಮರಗಳ ನೆರಳಿನಲ್ಲಿದೆ. ಅಲ್ಲಿನ ಪೀಡೆಯೂ ಇಲ್ಲಿನ ಹಸಿರು ತಿಗಣೆಯೇ. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ವ್ಯಾಂಡರ್‌ಮೀರ್ ಮತ್ತು ಐವೆಟ್ ಪರ್ಫೆಕ್ಟೊ ಅಲ್ಲಿ ಹಲವಾರು ವರ್ಷ ಅಧ್ಯಯನ ನಡೆಸಿ 2010ರಲ್ಲಿ ತಮ್ಮ ತಿಳಿವನ್ನು ಒಟ್ಟಾಗಿ ಪ್ರಕಟಿಸಿದರು.

ಆ ತೋಟದ ನೆರಳುಮರಗಳಲ್ಲಿ ಗೂಡು ಕಟ್ಟುವ ಆಜ್ಟೆಕಾ ಇರುವೆಗಳು ಹಸಿರು ತಿಗಣೆಯ ಸಿಹಿರಸಕ್ಕಾಗಿ ಅದನ್ನು ಕಾಯುತ್ತವೆ. ತಿಗಣೆ ತಿನ್ನಲು ಬರುವ ಪ್ರೌಢ ಗುಲಗಂಜಿ ಹುಳುಗಳನ್ನು ಅಟ್ಟುತ್ತವೆ. ಆದರೆ ಆ ಹುಳುವಿನ ಮರಿಗಳು ಮೇಣದ ಕವಚದ ಬಲದಿಂದ ಇರುವೆಗಳ ನಡುವೆಯೇ ಕುಳಿತು ತಿಗಣೆ ತಿನ್ನುತ್ತವೆ. ಇರುವೆಗಳ ಕಾವಲಿನಲ್ಲಿ ತಿಗಣೆ ಮಿತಿಮೀರಿ ಒತ್ತೊತ್ತಾಗಿ ಬೆಳೆದಾಗ ಲೆಕಾನಿಸಿಲಿಯಂ ಬೂಷ್ಟು ಕಾಣಿಸಿಕೊಂಡು ಅವನ್ನು ಕೊಲ್ಲುತ್ತದೆ. ಅದೇ ಬೂಷ್ಟು ಕಾಫಿ ಎಲೆಯ ತುಕ್ಕುರೋಗದ ಮೇಲೂ ಎರಗುತ್ತದೆ. ತೋಟದ ಅತಿ ಸಣ್ಣ ಭಾಗದಲ್ಲಿ ಇಷ್ಟೆಲ್ಲ ನಡೆಯುತ್ತದೆ. ಅಲ್ಲಿಂದ ಹೊರಟ ಗುಲಗಂಜಿ ಹುಳುಗಳು ಉಳಿದ ಭಾಗದಲ್ಲಿ ಚದುರಿದ ತಿಗಣೆಗಳನ್ನು ನೋಡಿಕೊಳ್ಳುತ್ತವೆ.

ಗಮನಿಸಬೇಕಾದದ್ದು ಇದು: ನಿಸರ್ಗದಲ್ಲಿ ಬೂಷ್ಟು ಪೀಡೆ ಗುಂಪುಗೂಡಿದ ಕಡೆ ಮಾತ್ರ ಎದ್ದೇಳುತ್ತದೆ. ಪೀಡೆ ವಿರಳವಾದ ಕಡೆ ಗುಲಗಂಜಿ ಹುಳುವಿಗೆ ಎಡೆ ಉಳಿಯುತ್ತದೆ. ಮನುಷ್ಯನು ಅದೇ ಬೂಷ್ಟನ್ನು ಡ್ರಮ್ಮಿನಲ್ಲಿ ಕಲಸಿ ಒಂದೇ ದಿನ ಎಲ್ಲ ಗಿಡಗಳ ಎಲ್ಲ ಎಲೆಗಳ ಮೇಲೂ ಸಿಂಪಡಿಸಿದಾಗ ಆ ಎಡೆ ಅಳಿಸಿಹೋಗುತ್ತದೆ. ಹುಳು ದೂರ ಸರಿಯಬಲ್ಲದು, ನಿಜ; ಆದರೆ ತೋಟವೆಲ್ಲ ತೊಯ್ದಿದ್ದರೆ ಅದು ಸರಿದು ಹೋಗುವುದೆಲ್ಲಿಗೆ? ತೊಡಕಿರುವುದು ಬೂಷ್ಟನ್ನು ಸಿಂಪಡಿಸುವ ಈ ಬಗೆಯಲ್ಲಿ. ಹೆಸರು ಜೈವಿಕವಾದರೂ ಬಳಕೆಯ ಮನೋಭಾವ ಡಿಡಿಟಿಯ ಕಾಲದ್ದೇ ಆಗಿ ಉಳಿದಿದೆ.

ಮಲೆನಾಡಿನ ಋತುಗಳೇ ದಾರಿ ತೋರಿವೆ

ಇಬ್ಬರು ಮಿತ್ರರಿಗೂ ಕೆಲಸ ಹಂಚಲು ದೊಡ್ಡ ಸಂಶೋಧನೆಯೇ ಬೇಕೆಂದಿಲ್ಲ. ಮಲೆನಾಡಿನ ಹವೆಯೇ ಅದನ್ನು ಬಹುಮಟ್ಟಿಗೆ ಹಂಚಿಟ್ಟಿದೆ. ಕಾಫಿಯ ಹಿಟ್ಟು ತಿಗಣೆ ಉಲ್ಬಣಿಸುವುದು ಬೇಸಿಗೆಯ ಒಣ ತಿಂಗಳುಗಳಲ್ಲಿ. ಆಗ ಗಾಳಿಯಲ್ಲಿ ತೇವವಿಲ್ಲದೆ ಬೀಜಕಣ ಮೊಳೆಯುವುದು ಕಷ್ಟ; ಬಿಸಿಲಿಗೆ ಅದು ಬೇಗ ಸಾಯುತ್ತದೆ. ಆ ಕಾಲದಲ್ಲಿ ಬೂಷ್ಟು ಸಿಂಪಡಿಸುವುದು ಹಣದ ವ್ಯಯ. ಅದು ಕ್ರಿಪ್ಟೋಲೀಮಸ್‌ನ ಕಾಲ. ಜೊತೆಗೆ 1983ರಲ್ಲಿ ಹೊರದೇಶದಿಂದ ತಂದು ಕಾಫಿ ತೋಟಗಳಿಗೆ ಬಿಟ್ಟ ಲೆಪ್ಟೊಮಾಸ್ಟಿಕ್ಸ್ ಎಂಬ ಪರಾವಲಂಬಿ ಕಣಜದ ಕಾಲ. ಬುಡದಲ್ಲಿ ಇರುವೆಗಳ ಓಡಾಟವನ್ನು ತಡೆದರೆ ಇವುಗಳ ಕೆಲಸ ಇನ್ನೂ ಸುಗಮ.

ಮುಂಗಾರು ಹಿಡಿದ ಮೇಲೆ ಪಾತ್ರಗಳು ಬದಲಾಗುತ್ತವೆ. ಹಸಿರು ತಿಗಣೆಯ ಸುತ್ತ ಬಿಳಿಯ ಪ್ರಭಾವಳಿಯಂತೆ ಬೂಷ್ಟು ಬೆಳೆಯುವುದನ್ನು ಮಳೆಗಾಲದಲ್ಲಿ ಕಾಫಿ ಎಲೆಯ ಅಡಿಯಲ್ಲಿ ನೋಡಬಹುದು. ತಮಿಳುನಾಡಿನ ವಿಜ್ಞಾನಿಗಳು 1970ರ ದಶಕದಲ್ಲಿಯೇ ಇದನ್ನು ಕಾಫಿ ತೋಟಗಳಲ್ಲಿ ಪರೀಕ್ಷಿಸಿ ಅದರ ಸಾಮರ್ಥ್ಯವನ್ನು ದಾಖಲಿಸಿದ್ದಾರೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಕೊರಕದ ಮೇಲೆ ಬ್ಯೂವೇರಿಯಾ ಉಪಯುಕ್ತವಾಗುವುದೂ ತೇವದ ಕಾಲದಲ್ಲಿಯೇ. ಆಗಲೂ ಸಿಂಪರಣೆ ಕಾಯಿಗೊಂಚಲಿಗೆ ಸೀಮಿತವಾಗಿರಬೇಕು; ಗುಲಗಂಜಿ ಹುಳು ತಿರುಗಾಡುವ ಎಳೆಚಿಗುರಿಗೆ ಅದು ಬೇಡ.

ಜಾಗದಿಂದಲೂ ಕೆಲಸ ಹಂಚಬಹುದು. ಅಡಿಕೆಯ ಬೇರುಹುಳುವಿಗೆ ಮೆಟಾರೈಜಿಯಂ ಅನ್ನು ಕೊಟ್ಟಿಗೆ ಗೊಬ್ಬರದೊಡನೆ ಮಣ್ಣಿಗೆ ಸೇರಿಸಿದರೆ, ತೆಂಗಿನ ಕುರುವಾಯಿಯ ಮರಿ ಬೆಳೆಯುವ ಗೊಬ್ಬರದ ಗುಂಡಿಗೆ ಅದನ್ನು ಬೆರೆಸಿದರೆ, ಎಲೆಯ ಮೇಲೆ ಬಾಳುವ ಗುಲಗಂಜಿ ಹುಳುವಿಗೆ ತೊಂದರೆಯಾಗುವ ಸಂಭವ ಬಹಳ ಕಡಿಮೆ. ಬೂಷ್ಟಿಗೆ ಅತ್ಯಂತ ನಿರಾತಂಕವಾದ ಕಾರ್ಯಕ್ಷೇತ್ರ ಮಣ್ಣು.

ಇಲ್ಲಿ ಇನ್ನೊಂದು ವೈಪರೀತ್ಯವನ್ನೂ ಹೇಳಬೇಕು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ರೂಢಿಗೆ ತಂದಂದಿನಿಂದ ಮೈಲುತುತ್ತ ಮಲೆನಾಡಿನ ಮಳೆಗಾಲದ ಅಂಗವೇ ಆಗಿದೆ. ಅದನ್ನು ಬಿಡಿರೆಂದು ಯಾರೂ ಹೇಳಲಾರರು. ಆದರೆ ತಾಮ್ರ ಕೊಳೆಯ ಶಿಲೀಂಧ್ರವನ್ನು ತಡೆಯುವಂತೆ ಮಿತ್ರ ಶಿಲೀಂಧ್ರವನ್ನೂ ತಡೆಯುತ್ತದೆ. ಬೋರ್ಡೋ ಹೊಡೆದ ತೋಟದಲ್ಲಿ ಅದೇ ವಾರ ಬ್ಯೂವೇರಿಯಾ ಸಿಂಪಡಿಸಿದರೆ ಒಂದು ಕೈಯಿಂದ ಬಿತ್ತಿ ಇನ್ನೊಂದು ಕೈಯಿಂದ ಕಿತ್ತಂತೆ. ಅಡಿಕೆಯಡಿಯಲ್ಲಿ ಕಾಫಿ, ಮೆಣಸು ಬೆಳೆಯುವ ಮಿಶ್ರತೋಟಗಳಲ್ಲಿ ಈ ಲೆಕ್ಕವನ್ನು ಹಾಕಲೇಬೇಕು.

ಒಂದು ಆಕ್ಷೇಪ

‘ರಾಸಾಯನಿಕ ವಿಷ ಗುಲಗಂಜಿ ಹುಳುವನ್ನು ಇದಕ್ಕಿಂತ ಹೆಚ್ಚಾಗಿ ಕೊಲ್ಲುತ್ತದೆ, ಈ ಬಗೆಯ ಸಂಶಯ ಹುಟ್ಟಿಸಿದರೆ ರೈತ ಮರಳಿ ವಿಷದಂಗಡಿಗೇ ಹೋಗುತ್ತಾನೆ’ ಎಂಬ ಆಕ್ಷೇಪ ಜೈವಿಕ ಕೃಷಿಯ ಬೆಂಬಲಿಗರಿಂದಲೇ ಬರಬಹುದು. ಅದರಲ್ಲಿ ಸತ್ಯವಿದೆ. ಕ್ಲೋರ್‌ಪೈರಿಫಾಸ್‌ನಂಥ ವಿಷ ಬಿದ್ದಲ್ಲಿ ಮಿತ್ರಕೀಟ ಉಳಿಯುವ ಮಾತೇ ಇಲ್ಲ. ಬೂಷ್ಟಿನ ಬೀಜಕಣವಾದರೋ ಬಿಸಿಲಿನಲ್ಲಿ ಕೆಲವು ದಿನಗಳಲ್ಲಿ ನಿಸ್ಸತ್ವವಾಗುತ್ತದೆ. ಅಕ್ಕಪಕ್ಕದಿಂದ ಗುಲಗಂಜಿ ಹುಳುಗಳು ಮರಳಿ ಬರಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಆದರೆ ವಿಷಕ್ಕಿಂತ ಮೇಲೆಂಬ ಒಂದೇ ಅರ್ಹತೆ ಸಾಕೇ? ರೈತನಿಗೆ ಅರ್ಧಸತ್ಯ ಹೇಳಿ ಒಪ್ಪಿಸಿದ ಪದ್ಧತಿ ಬಾಳುವುದಿಲ್ಲ. ಬೇಸಿಗೆಯಲ್ಲಿ ಸಿಂಪಡಿಸಿ ಫಲ ಕಾಣದವನು, ಅಥವಾ ಸಿಂಪಡಿಸಿದ ಮೇಲೆ ಗುಲಗಂಜಿ ಹುಳು ಮಾಯವಾಗಿ ತಿಗಣೆ ಮರುಕಳಿಸಿದ್ದನ್ನು ಕಂಡವನು ‘ಜೈವಿಕವೆಲ್ಲ ಮೋಸ’ ಎಂದು ತೀರ್ಮಾನಿಸಿದರೆ ಅವನನ್ನು ದೂಷಿಸಲಾಗದು. ಪೂರ್ಣ ಸತ್ಯ ಹೇಳುವುದೇ ಜೈವಿಕ ಕೃಷಿಯನ್ನು ಉಳಿಸುವ ಮಾರ್ಗ.

ಆಗಬೇಕಾದುದು

ರೈತರು ಪಾಲಿಸಬೇಕಾದ ನಿಯಮ ಸರಳ. ಮೊದಲು ಗಿಡ ನೋಡಬೇಕು, ಆಮೇಲೆ ಪಂಪು ಹೊರಬೇಕು. ತಿಗಣೆಯ ನಡುವೆ ಗುಲಗಂಜಿ ಹುಳುವೋ ಅದರ ಮರಿಯೋ ಕಂಡರೆ ಆ ಗಿಡವನ್ನು ಬಿಡಬೇಕು. ಪೀಡೆ ಒತ್ತಾಗಿರುವ ಗಿಡಗಳಿಗಷ್ಟೇ, ಸಂಜೆಯ ಹೊತ್ತು, ತೇವವಿರುವ ದಿನ ಸಿಂಪಡಿಸಬೇಕು. ಕ್ರಿಪ್ಟೋಲೀಮಸ್ ಬಿಟ್ಟ ತೋಟಕ್ಕೆ ಅದು ಒಂದು ಪೀಳಿಗೆ ಮುಗಿಸುವವರೆಗೆ, ಅಂದರೆ ಕನಿಷ್ಠ ಒಂದು ತಿಂಗಳು, ಬ್ಯೂವೇರಿಯಾ ತಾಗಿಸಬಾರದು. ರೇಷ್ಮೆ ಸಾಕುವ ಮನೆಯ ಹತ್ತಿರವಂತೂ ಅದರ ಮಾತೇ ಬೇಡ.

ವಿದ್ಯಾರ್ಥಿಗಳಿಗೆ ಇದರಲ್ಲಿ ನಿಜವಾದ ವಿಜ್ಞಾನದ ಕೆಲಸವಿದೆ. ಸಿಂಪರಣೆಗೆ ಮುನ್ನ ಹತ್ತು ಗಿಡಗಳನ್ನು ಗುರುತುಮಾಡಿ ಗುಲಗಂಜಿ ಹುಳುಗಳನ್ನು ಎಣಿಸಬೇಕು. ಸಿಂಪಡಿಸದ ಬೇರೆ ಹತ್ತು ಗಿಡಗಳಲ್ಲಿಯೂ ಎಣಿಸಬೇಕು. ವಾರಕ್ಕೊಮ್ಮೆ ಒಂದು ತಿಂಗಳು ಇದನ್ನು ಮುಂದುವರಿಸಬೇಕು. ಸತ್ತ ಹುಳು ಸಿಕ್ಕರೆ ಒದ್ದೆ ಹತ್ತಿಯೊಡನೆ ಮುಚ್ಚಿದ ಡಬ್ಬಿಯಲ್ಲಿಟ್ಟು ಕೆಲವು ದಿನ ಗಮನಿಸಬೇಕು. ಕೀಲುಗಳಿಂದ ಬೂಷ್ಟು ಹೊರಟರೆ ಶಿಲೀಂಧ್ರದಿಂದ ಸತ್ತಿರಬಹುದೆಂಬ ಸೂಚನೆ ಅದು. ಸತ್ತ ಮೇಲೆ ಬೆಳೆಯುವ ಬೇರೆ ಬೂಷ್ಟುಗಳೂ ಇರುವುದರಿಂದ ಅದನ್ನು ಕೃಷಿ ವಿಶ್ವವಿದ್ಯಾಲಯದ ತಜ್ಞರಿಗೆ ತೋರಿಸಿ ಖಚಿತಪಡಿಸಿಕೊಳ್ಳಬೇಕು. ಒಂದೊಂದು ಶಾಲೆಯಲ್ಲಿಯೂ ಇಂಥ ಒಂದು ದಾಖಲೆ ಪುಸ್ತಕವಿದ್ದರೆ ಕೆಲವೇ ವರ್ಷಗಳಲ್ಲಿ ಮಲೆನಾಡಿಗೆ ತನ್ನದೇ ಆದ ಉತ್ತರ ದೊರೆಯುತ್ತದೆ.

ಸರ್ಕಾರ ಮತ್ತು ಸಂಶೋಧನಾ ಸಂಸ್ಥೆಗಳ ಹೊಣೆ ಇದಕ್ಕಿಂತ ದೊಡ್ಡದು. ಜೈವಿಕ ಕೀಟನಾಶಕವೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕಾದ ವಸ್ತು. ಆ ನೋಂದಣಿ ಕಾಗದದ ಮೇಲೆ ಮುಗಿಯದೆ, ಯಾವ ತಳಿಯ ಬೂಷ್ಟು ಯಾವ ಗುಲಗಂಜಿ ಹುಳುವಿಗೆ ಹಾನಿಕರವೆಂಬ ಮಾಹಿತಿ ಪೊಟ್ಟಣದ ಮೇಲೆ ಕನ್ನಡದಲ್ಲಿ ಅಚ್ಚಾಗಬೇಕು. ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಸಮೀಪದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಎರಡೂ ಈ ರಾಜ್ಯದಲ್ಲಿಯೇ ಇವೆ. ಮಲೆನಾಡಿನ ಮಳೆ, ಮಂಜು, ನೆರಳಿನಲ್ಲಿಯೇ ಪರೀಕ್ಷೆ ನಡೆದು, ಇಲ್ಲಿನ ಗುಲಗಂಜಿ ಹುಳುಗಳ ಮೇಲಿನ ಫಲಿತಾಂಶ ರೈತರ ಕೈಗೆ ಬರಬೇಕು. ಇಷ್ಟು ಪೊಟ್ಟಣ ಹಂಚಿದೆವು, ಇಷ್ಟು ಎಕರೆಗೆ ಸಿಂಪಡಿಸಿದೆವು ಎಂಬ ಲೆಕ್ಕದಿಂದ ಯೋಜನೆಯ ಯಶಸ್ಸನ್ನು ಅಳೆಯುವುದು ನಿಲ್ಲಬೇಕು; ಸಿಂಪಡಿಸುವ ಅಗತ್ಯವೇ ಬೀಳದ ತೋಟಗಳೆಷ್ಟು ಎಂಬುದು ಅಳತೆಗೋಲಾಗಬೇಕು.

ನೆರಳುಮರ ಉಳಿದ, ತರಗೆಲೆ ಮುಚ್ಚಿದ, ವಿಷ ಬೀಳದ ತೋಟದಲ್ಲಿ ಗುಲಗಂಜಿ ಹುಳುವೂ ಬೂಷ್ಟೂ ತಾವಾಗಿಯೇ ನೆಲೆಸುತ್ತವೆ. ಅವುಗಳಲ್ಲಿ ಯಾವುದನ್ನೂ ಪೊಟ್ಟಣದಲ್ಲಿ ಕೊಂಡು ತರಬೇಕಾಗಿಲ್ಲ. ಕೊಂಡು ತರುವ ಸಂದರ್ಭ ಬಂದಾಗ, ಹೊಸದಾಗಿ ಬರುವ ಮಿತ್ರನು ಆಗಲೇ ಮನೆಯಲ್ಲಿರುವ ಮಿತ್ರನನ್ನು ಹೊರದೂಡದಂತೆ ನೋಡಿಕೊಳ್ಳುವುದು ಬೆಳೆಗಾರನ ಕೈಯಲ್ಲಿದೆ.